ತಿದ್ದುಪಡಿ, ನಾಲ್ಕನೇ ಪುಟ

ಕಳೆದ ಶನಿವಾರ ಈ ಪತ್ರಿಕೆಯ ನಾಲ್ಕನೇ ಪುಟದಲ್ಲಿ,
ಆಲೂಗಡ್ಡೆ ಧಾರಣೆಯ ಕೆಳಗೆ, ಶ್ರದ್ಧಾಂಜಲಿಗಳ ಪಕ್ಕ,
ನಾನೊಂದು ಸಿನಿಮಾಕ್ಕೆ ಎರಡು ನಕ್ಷತ್ರ ಕೊಟ್ಟಿದ್ದೆ.
ಎರಡೂವರೆ ಕೊಡಬಹುದಿತ್ತು.
ಅರ್ಧ ನಕ್ಷತ್ರದ ಅಚ್ಚು ನಮ್ಮಲ್ಲಿಲ್ಲ.

ಮ್ಯಾಟ್ನಿ ಶೋ. ನನ್ನನ್ನೂ ಸೇರಿಸಿ ಹನ್ನೊಂದು ಜನ,
ಇಬ್ಬರು ಬಂದದ್ದು ಫ್ಯಾನಿನ ಗಾಳಿಗೆ.
ತೆರೆಯ ಮೇಲೆ ಗ್ಯಾರೇಜು ಹುಡುಗರ ಒಂದು ಪಡೆ
ಬಿಳಿ ಬೂಟಿನ ಹುಡುಗರನ್ನು
ಬ್ರೇಕ್ ಡ್ಯಾನ್ಸಿನಲ್ಲಿ ಸೋಲಿಸಬೇಕು.
ಸೋಲಿಸಿದರು. ಮಧ್ಯಂತರಕ್ಕೇ ಗೊತ್ತಿತ್ತು ನನಗೆ;
ಕಡಲೆಕಾಯಿ ಮಾರುವವನಿಗೆ ಅದಕ್ಕೂ ಮೊದಲೇ.

ರಾಜಧಾನಿಯವರು ಆಗಲೇ ಬರೆದಾಗಿತ್ತು:
'ತಲೆಕೆಳಗಾಗಿ ನಿಂತರೂ ಜೇಬಿನಿಂದ ಹೊಸದೇನೂ ಉದುರಲಿಲ್ಲ',
'ಕಾಲಿಗೆ ಕೆಲಸ, ಕಥೆಗೆ ರಜೆ'.
ಹೊಟ್ಟೆಕಿಚ್ಚಾಯಿತು. ನಾನೂ ಪೆನ್ನು ಮಸೆದು ಕೂತೆ.
ಸಾಲಗಾಮೆ ರಸ್ತೆಯ ಕಾಫಿ ಎರಡು ಸಲ ಆರಿತು,
ಕಡೆಗೊಂದು ಸಾಲು ಸಿಕ್ಕಿತು:
'ಕೊನೆಯ ತಲೆತಿರುಗಾಟ ನಂಬಲಾಗದ್ದು;
ಮನುಷ್ಯನ ನೆತ್ತಿ ಬುಗುರಿಯ ಮೊಳೆಯಲ್ಲ.'
ಪುಟ ಕಟ್ಟುವ ಪುಟ್ಟಸ್ವಾಮಾಚಾರ್ ಓದಿ ನಕ್ಕರು.
ಆ ನಗುವಿನ ಮೇಲೆ ನಾಲ್ಕು ದಿನ ಬದುಕಿದೆ.

ಗುರುವಾರ ಒಬ್ಬ ಬಂದ. ಪೆನ್ಷನ್ ಮೊಹಲ್ಲಾದ ತೌಸೀಫ್.
ಸೋಫಾಗಳಿಗೆ ರೆಕ್ಸಿನ್ ಹೊಲಿಯುವ ಕೆಲಸ;
ಬೆರಳ ತುದಿಯಲ್ಲಿ ಅಂಟು ಒಣಗಿ ಸಿಪ್ಪೆ ಏಳುತ್ತಿತ್ತು.
ಜಗಳಕ್ಕೆಂದುಕೊಂಡು ಕುರ್ಚಿ ಹಿಂದಕ್ಕೆಳೆದೆ.
ಅಂಗಿ ಜೇಬಿನಿಂದ ನನ್ನ ವಿಮರ್ಶೆ ತೆಗೆದ,
ಲ್ಯಾಮಿನೇಷನ್ ಮಾಡಿಸಿದ್ದ, ಬಸ್ ಪಾಸಿನ ಹಾಗೆ.
'ಸಾರ್, ಇಲ್ಲಿ ನಂಬಲಾಗದ್ದು ಅಂತ ಹಾಕಿದೀರಲ್ಲ,
ಅದು ನಾನೇ ಸಾರ್.'

ಉಸಿರೆಳೆದು ನಿಂತದ್ದು ಹೀರೋ.
ಕೈ ಊರಿದ್ದು ಹೀರೋ. ಗೆದ್ದು ಅತ್ತದ್ದು ಹೀರೋ.
ನಡುವೆ, ಕಾಲು ಮೇಲಾಗಿ
ಮುಖ ಯಾರದೆಂದು ತಿಳಿಯದಷ್ಟು ಹೊತ್ತು ಮಾತ್ರ ಇವನು.
'ಹದಿನೇಳು ಸುತ್ತು ಸಾರ್, ಒಂದೇ ಟೇಕು.
ಕಟ್ ಮಾಡಿ ಒಂಬತ್ತು ಇಟ್ರು. ಜನ ನಂಬಲ್ಲ ಅಂತ.'

ಆಮೇಲೆ ಕ್ಷೌರದಂಗಡಿಯಲ್ಲಿ ಬಾಗುವ ಹಾಗೆ ತಲೆ ಬಾಗಿಸಿದ.
ನೆತ್ತಿಯ ನಡುವೆ ಹಳೇ ಎಂಟಾಣೆಯಷ್ಟು ಜಾಗ
ಕೂದಲಿಲ್ಲ. ಒರಳಿನ ಒಳಗಿನಂಥ ನುಣುಪು.
'ಮುಟ್ಟಿ ನೋಡಿ ಸಾರ್.'
ಇಪ್ಪತ್ತಾರು ವರ್ಷ ಸಿನಿಮಾ ನೋಡಿದ್ದೇನೆ.
ಮುಟ್ಟಿದ್ದು ಅದೇ ಮೊದಲು.

ನಿಜವಾದ ಸ್ಪರ್ಧೆ ಏನಾಯಿತಪ್ಪ, ಅಂದೆ.
'ತುಮಕೂರಲ್ಲಿ ಮೊದಲ ಸುತ್ತಿಗೇ ಔಟ್ ಸಾರ್.
ಪೆನ್‌ಡ್ರೈವ್ ಓಡ್ಲಿಲ್ಲ, ನಾವೇ ಚಪ್ಪಾಳೆ ತಟ್ಕೊಂಡು ಕುಣಿದ್ವಿ.
ವಾಪಸ್ ಬರೋವಾಗ ಟಿಕೆಟ್ ಇರ್ಲಿಲ್ಲ,
ಅರಸೀಕೆರೇಲಿ ಇಳಿಸಿದ್ರು.'
ಈ ಕಥೆಗೆ ನಾನು ಮೂರು ಕೊಡುತ್ತಿದ್ದೆ.

ರಾತ್ರಿ ಅವನ ಹಿಂದೆಯೇ ಹೋದೆ.
ಕಟ್ಟಿನಕೆರೆ ಮಾರ್ಕೆಟ್ ಮುಚ್ಚಿತ್ತು. ಷಟರುಗಳ ಮುಂದೆ
ಯಾರೋ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ಹಾಸಿದ್ದರು;
ಹಣೆಯ ಭಾಗದಲ್ಲಿ ಮಡಿಕೆಯಿಲ್ಲ, ಅಲ್ಲೇ ಚೆನ್ನಾಗಿ ತಿರುಗುತ್ತದಂತೆ.
ಹೂವಿನಂಗಡಿಯ ಭವ್ಯಶ್ರೀ ಕಾಲಲ್ಲಿ ಗಾಳಿ ಸೀಳಿದಳು.
ತೌಸೀಫ್ ತಲೆ ಊರಿದ. ಎಣಿಸತೊಡಗಿದೆ,
ಏಳಕ್ಕೆ ಬಿದ್ದ.
ಮೊಣಕೈ ಉಜ್ಜಿಕೊಂಡು 'ಇನ್ನೊಂದ್ಸಲ ಸಾರ್' ಅಂದ. ಐದಕ್ಕೇ ಬಿದ್ದ.
'ನೀವು ಹಂಗೆ ನೋಡ್ತಾ ಇದ್ರೆ ಬೀಳ್ದೆ ಇನ್ನೇನು'
ಅಂದಳು ಭವ್ಯಶ್ರೀ.

ನಾನು ಷಟರಿನ ಕಡೆ ಮುಖ ತಿರುಗಿಸಿ ನಿಂತೆ.
ಬೆನ್ನ ಹಿಂದೆ ಫ್ಲೆಕ್ಸಿನ ಸದ್ದು:
ಸರಕ್, ಸರಕ್, ಸರಕ್.
ಹದಿಮೂರರ ಮೇಲೆ ಲೆಕ್ಕ ಬಿಟ್ಟೆ.

ಆದ್ದರಿಂದ, 'ನಂಬಲಾಗದ್ದು' ಎಂಬ ಪದವನ್ನು
ಓದುಗರು ದಯವಿಟ್ಟು 'ನಂಬಲಾಗದ್ದು' ಎಂದು ಓದಿಕೊಳ್ಳಬೇಕು.
ಪದ ಸರಿಯಿದೆ. ದನಿ ನನ್ನದು, ಅದು ತಪ್ಪಿತ್ತು.
ನಕ್ಷತ್ರ ಎರಡೇ. ಕಥೆ ಈಗಲೂ ಹಳಸಲು.
ಬುಗುರಿಯ ಸಾಲನ್ನು ಹಿಂತೆಗೆದುಕೊಂಡಿದ್ದೇನೆ,
ಪುಟ್ಟಸ್ವಾಮಾಚಾರ್ ಕ್ಷಮಿಸಬೇಕು.

ಸಿನಿಮಾ ನಿನ್ನೆಯೇ ಎತ್ತಿಬಿಟ್ಟರು.
ಥಿಯೇಟರಿನ ಗೋಡೆಗೆ ಬೇರೆ ಪೋಸ್ಟರು, ಗೋಂದು ಇನ್ನೂ ಹಸಿ.
ಅಳತೆ ಸಾಲದೆ, ಹೊಸ ಹೀರೋನ ತಲೆಯ ಮೇಲೆ
ಹಳೆಯದರ ಒಂದು ಕಾಲು ಹೊರಗೇ ಉಳಿದಿದೆ.
ಹಳೇ ಹೀರೋನದಲ್ಲ.