ಹತ್ತೋ ಹಲಗೆ

ಅರ್ಧ ದುಡ್ಡು ಸರ್ಕಾರದ್ದು ಅಂತ ಕಾಗದ ಬಂತು.
ಉಳಿದರ್ಧ ನಮ್ಮದು. ಅದೂ ಮೊದಲು ಪೂರ್ತಿ ನಾವೇ ಹಾಕಿ
ಬಿಲ್ಲು ತೋರಿಸಿದ ಮೇಲೆ.
ಹಾಗಾಗಿ ಹೆಂಡತಿಯ ಎರಡೆಳೆ ಸರ ಸೊಸೈಟಿಯ ಕಪಾಟಿಗೆ ಹೋಯಿತು,
ಅರಸೀಕೆರೆಯ ನಮ್ಮ ಫೋರ್ ನಾಟ್ ಸೆವೆನ್ನು
ಹಾಸನದ ಬಾಡಿ ಕಟ್ಟುವ ಶೆಡ್ಡಿಗೆ.

ಇಪ್ಪತ್ತು ಡಿಗ್ರಿಗಿಂತ ಕಡಿದಾಗದ ಹಲಗೆ,
ಜಾರದ ರಬ್ಬರು, ಗಾಳಿಗೆ ಕಿಂಡಿ,
ಒಂದರ ಮೇಲೊಂದು ಬೀಳದ ಹಾಗೆ ನಡುವೆ ಕಂಬಿ,
ಗಾಡಿ ಎಲ್ಲಿದೆ ಎಂದು ಯಾರಿಗೋ ಹೇಳುವ
ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ.
ತಪ್ಪೇನಿಲ್ಲ. ಎಲ್ಲ ಒಳ್ಳೆಯದೇ.
ಕಾಲು ಮುರಿದ ಹೋರಿಯೊಂದು ಬಾಣಾವರದಿಂದ ಇಲ್ಲಿಯವರೆಗೂ
ನನ್ನ ಬೆನ್ನ ಹಿಂದೆ ಉಸಿರೆಳೆದದ್ದು
ಹದಿನೆಂಟು ವರ್ಷವಾದರೂ ಕ್ಯಾಬಿನ್ನಿನಲ್ಲೇ ಇದೆ.

ಜೋಡೆತ್ತು ಈಗ ಯಾರು ಕೊಳ್ತಾರೆ?
ಸಂತೆಯಿಂದ ಸಂತೆಗೆ ತಿರುಗಿದ ಗಾಡಿ
ಟಿಲ್ಲರು ಬಂದ ಮೇಲೆ ಅರ್ಧ ಖಾಲಿ,
ರಸೀದಿಗೂ ರಸೀದಿ ಕೇಳತೊಡಗಿದ ಮೇಲೆ ಪೂರಾ.
ಇನ್ನು ಡೈರಿಯವರ ಗಬ್ಬದ ಕಡಸು,
ಕಿವಿಗೆ ಹಳದಿ ಬಿಲ್ಲೆ, ಜೊತೆಗೆ ಡಾಕ್ಟರ ಚೀಟಿ.
ಹಿಂಬಾಗಿಲಿಗೆ ಹಳೇ ಪೇಂಟರು ಬರೆದಿದ್ದ ಜೋಡೆತ್ತನ್ನು
ನೀರೊಲೆಗೆ ಕೊಟ್ಟೆವು.
ಎಡದೆತ್ತು ಮೊದಲು ಹತ್ತಿಕೊಂಡಿತು.

ಮೂವತ್ತೊಂದು ವರ್ಷ
ಪ್ಯಾರೂಸಾಬಿ ಹತ್ತಿಸಿದ, ನಾನು ಓಡಿಸಿದೆ.
ಕೆರೆ ಏರಿ ಪಕ್ಕದ ಮಣ್ಣುದಿಬ್ಬಕ್ಕೆ ಹಿಂಬದಿ ತಾಗಿಸಿ ನಿಲ್ಲಿಸಿದರೆ
ಹಲಗೆ ಬೇಡ, ಬಾರುಕೋಲು ಬೇಡ.
ಬಾಲದ ಬುಡದಲ್ಲಿ ಅವನ ಅಂಗೈ,
ಬಾಯಲ್ಲಿ ಕಾಗುಣಿತಕ್ಕೆ ಸಿಗದ ಒಂದು ಲೊಚಕ್ಕು.
ಚೆಕ್‌ಪೋಸ್ಟು ಬಂದಾಗ ಮಾತ್ರ ಅವನು ಬಾಯಿ ತೆರೆಯುತ್ತಿರಲಿಲ್ಲ.
ಹೆಸರು ಕೇಳಿದರೆ
ನಾನು ನನ್ನ ಹೆಸರು ಹೇಳುತ್ತಿದ್ದೆ.

ಅರ್ಜಿಯಲ್ಲಿ ಕ್ರಮಸಂಖ್ಯೆ ಹದಿನಾಲ್ಕು:
ಸಹಾಯಕರ ತರಬೇತಿ ಪ್ರಮಾಣಪತ್ರ.
ಕಂಪ್ಯೂಟರಿನ ಹುಡುಗಿ ಕಾದಳು.
ಇಲ್ಲ ಅಂತ ಒತ್ತಿಸಿದೆ.
ಪಕ್ಕದಲ್ಲೇ ಕೂತಿದ್ದವನು ಗೋಡೆಯ ಟೀಪುಡಿ ಕ್ಯಾಲೆಂಡರು ಓದುತ್ತಿದ್ದ.
ಅವನಿಗೆ ಕನ್ನಡ ಓದಲು ಬರುವುದಿಲ್ಲ.

ತಪಾಸಣೆಗೆ ನಳಿನಾಕ್ಷಿ ಮೇಡಂ ಬಂದರು, ಟೇಪು ಹಿಡಿದು.
ಅಳತೆ ಸರಿ. ಕಿಂಡಿ ಸರಿ.
ಹಸು ಹತ್ತುತ್ತಿರುವ ಫೋಟೋ ಒಂದು ಬೇಕು,
ದಿನಾಂಕ ಸಮೇತ, ಸ್ಥಳ ಸಮೇತ.
ಸಣ್ಣತಾಯಮ್ಮನ ಸೀಮೆಹಸು ಹಿಡಿದು ತಂದೆವು.
ಒಂದು ಗೊರಸು ಇಟ್ಟಿತು.
ರಬ್ಬರಿನಡಿ ತಗಡು ಠೊಣ್ ಎಂದಿತು. ಹಿಂದಕ್ಕೆ.
ಹಿಂಡಿ ತೋರಿಸಿದೆವು, ಹಗ್ಗ ಜಗ್ಗಿದೆವು,
ಮೂವರು ಹಿಂದಿನಿಂದ ಹೆಗಲು ಕೊಟ್ಟೆವು.
ಅದು ಸಗಣಿ ಹಾಕಿ
ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ನೋಡಿತು.
ಮೇಡಂ ಗಡಿಯಾರ ನೋಡಿದರು,
ಜಾವಗಲ್ಲಿನಲ್ಲಿ ಇನ್ನೊಂದು ತಪಾಸಣೆ ಇತ್ತು.

ಟೀ ಅಂಗಡಿಯಿಂದ ಪ್ಯಾರೂಸಾಬಿ ಎದ್ದ. ಯಾರೂ ಕರೆದಿರಲಿಲ್ಲ.
ಕೆರೆ ಏರಿ ಕಡೆ ನಡೆದು ಹೋಗಿ
ಹೆಗಲವಸ್ತ್ರದ ತುಂಬ ದಿಬ್ಬದ ಮಣ್ಣು ತಂದ,
ರಾಗಿ ಚೆಲ್ಲುವವನ ಹಾಗೆ
ಹಲಗೆಯುದ್ದಕ್ಕೂ ಚೆಲ್ಲಿದ.
ಹಸು ಮೂಸಿತು.
ಅಂಗೈ. ಲೊಚಕ್ಕು.
ಹತ್ತಿತು.

ಸ್ವಲ್ಪ ಸರೀರಿ, ಫೋಟೋದಲ್ಲಿ ಜನ ಬರಬಾರದು,
ಅಂದರು ಮೇಡಂ. ಕೆಟ್ಟದಾಗಿ ಅಲ್ಲ.
ಸರಿದ. ಆದರೂ ಮೂಲೆಯಲ್ಲಿ
ಮಣಿಕಟ್ಟಿನವರೆಗೆ ಒಂದು ಕೈ ಉಳಿಯಿತು.

ದುಡ್ಡು ಬಂತು, ಏಳು ತಿಂಗಳಿಗೆ.
ಬಡ್ಡಿ ಅದಕ್ಕಿಂತ ಬೇಗ ಬಂದಿತ್ತು, ಸರ ಇನ್ನೂ ಕಪಾಟಿನಲ್ಲಿದೆ.

ಈಗ ಆ ಪೆಟ್ಟಿಗೆ ನಮ್ಮನ್ನು
ಎಲ್ಲೋ ಒಂದು ಪರದೆಯ ಮೇಲೆ ಹಸಿರು ಚುಕ್ಕಿ ಮಾಡಿದೆ.
ಪ್ರತಿ ಬಾಡಿಗೆಗೂ ಮುಂಚೆ ಚುಕ್ಕಿ
ಕೆರೆ ಏರಿಯ ಹತ್ತಿರ ಹತ್ತು ನಿಮಿಷ ನಿಲ್ಲುತ್ತದೆ.
ನಿನ್ನೆ ಫೋನು: ಅಲ್ಲೇನು ಲೋಡು?
ಮಣ್ಣು, ಅಂದೆ.
ಪಟ್ಟಿಯಲ್ಲಿ ಮಣ್ಣು ಇಲ್ಲವಲ್ಲ.
ಫೋನನ್ನು ಅವನ ಕೈಗೆ ಕೊಟ್ಟೆ.
ಯಾರು ಮಾತಾಡ್ತಿರೋದು ಅಂತ ಕೇಳಿದರೇನೋ,
ಗಂಟಲು ಸರಿಮಾಡಿಕೊಂಡು
ಅಪ್ಪನ ಹೆಸರೂ ಸೇರಿಸಿ ಹೇಳಿದ.