ಇನ್ನೂರ ನಲವತ್ತು ಗ್ರಾಂ

ತಕ್ಕಡಿ ಹಿಡಿದ ಕೈ ಇದು, ತೂಕದಲ್ಲಿ ಮೋಸ ಹೋಗದು.
ಡಾಕ್ಟರು ಕಾಗದ ನೋಡಿ ಓದಿದಾಗ
ಮನಸ್ಸಲ್ಲೇ ಬಟ್ಟು ಇಟ್ಟು ನೋಡಿದೆ:
ಕಾಲು ಕೆಜಿಗೆ ಹತ್ತು ಗ್ರಾಂ ಕಮ್ಮಿ.
ನನ್ನ ಅಂಗಡಿಯಲ್ಲಾದರೆ
ಇನ್ನೊಂದು ಚೂರು ಸೇರಿಸಿ ಕಟ್ಟುತ್ತಿದ್ದೆ.

ಈಲಿ ಅಂತೀವಿ ನಾವು. ಮಿಳಘಟ್ಟದ ನಮ್ಮ ಬೀದಿ ದಾಟಿದರೆ
ಎಲ್ಲರೂ ಲಿವರ್ ಅಂತಾರೆ.
ಕರುಳಿಗೆ ಎಷ್ಟೊಂದು ಮಾತು:
ಕರುಳ ಕುಡಿ, ಹೆತ್ತ ಕರುಳು, ಕರುಳು ಚುರ್ ಅಂತು.
ಎದೆಗೂ ಇದೆ, ಮೂಳೆಗೂ ಇದೆ,
ಹೊಟ್ಟೆಯದಂತೂ ಕೇಳಲೇಬೇಡಿ.
ಈಲಿಗೆ ಒಂದು ಗಾದೆಯೂ ನಾನು ಕೇಳಿಲ್ಲ.
ಅಪ್ಪಂದಿರಿಗೆ ಇರಲಿ ಅಂತ ಬಿಟ್ಟಿದ್ದಾರೇನೋ.

ತುಳಜಾಗೆ ಆಗ ಮೂರು ವರ್ಷ,
ಕಣ್ಣು ಅರಿಶಿನ, ಹೊಟ್ಟೆ ತಮಟೆ.
ಈಗ ಒಂಬತ್ತು.
ನನ್ನ ತುಂಡು ಅವಳ ಜೊತೆಗೇ ಬೆಳೆದಿದೆ,
ಆದರೂ ಅವಳ ಮೈಯ ಕಾವಲುನಾಯಿ
ಇವತ್ತಿಗೂ ಅದನ್ನು ಮೂಸಿ ಗುರ್ ಅನ್ನುತ್ತದೆ: ಯಾರಿವನು?
ಬೀದಿನಾಯಿಗಳಿಗೆ ಮೂಳೆ ಎಸೆದು ಸುಮ್ಮನಾಗಿಸಿದವನು ನಾನು,
ಈ ಒಂದಕ್ಕೆ ಮಾತ್ರೆ ಹಾಕಬೇಕು,
ಬೆಳಿಗ್ಗೆ ಎಂಟು, ರಾತ್ರಿ ಎಂಟು, ಬರಿಹೊಟ್ಟೆಗೆ.
ಹೆಚ್ಚಾದರೆ ನಾಯಿ ಸತ್ತಂತೆ ಮಲಗುತ್ತದೆ, ಕಳ್ಳ ನುಗ್ಗುತ್ತಾನೆ.
ಕಮ್ಮಿಯಾದರೆ ನನ್ನನ್ನೇ ಕಚ್ಚುತ್ತದೆ.
ಎಷ್ಟು ದಿನ ಅಂತ ಕೇಳಿದ್ದೆ.
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ಅಷ್ಟೇ.

ಮೂರು ತಿಂಗಳಿಗೊಮ್ಮೆ ಅವಳ ರಕ್ತ
ಐಸಿನ ಡಬ್ಬಿಯಲ್ಲಿ ಬೆಂಗಳೂರಿನ ಬಸ್ಸು ಹತ್ತುತ್ತದೆ.
ಮರುದಿನ ಫೋನಿಗೆ ಒಂದು ಅಂಕಿ ಬರುತ್ತದೆ.
ಐದು ಪಾಯಿಂಟ್ ಎರಡು.
ಆಮೇಲೆ ನಾವು ಉಣ್ಣುತ್ತೇವೆ.

ಪಕ್ಕದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ದಿನ,
ಹುಡುಗನಿಗೆ ಅಮ್ಮ ಬಂದಿದ್ದಾಳೆ ಅಂದರು.
ದೇವಿಗೆ ಕೈ ಮುಗಿದೆ,
ಮುಗಿದ ಕೈಯಲ್ಲೇ ಮಗಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆ.
ಅಲ್ಲಿಂದ ಭದ್ರಾವತಿಯ ಅಕ್ಕನ ಮನೆ, ಮೂರು ವಾರ.

ಹೊಸನಗರದ ಗಿರಾಕಿಯೊಬ್ಬರು ಚಕ್ಕೋತ ತಂದಿದ್ದರು, ಪಾಪ, ಪ್ರೀತಿಯಿಂದ.
ಅವಳ ಮಾತ್ರೆಗೂ ಅದಕ್ಕೂ ಆಗಿಬರಲ್ಲ ಅಂದರೆ ನಂಬಲಿಲ್ಲ.
ಅವಳು ಅದಕ್ಕೆ ಕಣ್ಣು ಮೂಗು ಬರೆದು ಕಿಟಕಿಯಲ್ಲಿ ಕೂರಿಸಿದಳು.
ಮೊದಲ ವರ್ಷದ ತನ್ನ ಮುಖವಂತೆ,
ಸ್ಟೀರಾಯ್ಡ್ ಊದಿಸಿದ್ದು.
ಹದಿನೈದು ದಿನಕ್ಕೆ ಕೆನ್ನೆ ಬತ್ತಿತು.
"ಡೋಸ್ ಇಳಿಸಿದಾರೆ ಇದಕ್ಕೆ" ಅಂದಳು.

ಈ ಸಲದ ಹೊಸತೊಡಕು.
ನಸುಕಿನ ನಾಲ್ಕಕ್ಕೇ ಸಾಲು, ಹಿಟ್ಟಿನ ಗಿರಣಿ ದಾಟಿ.
ರುಕ್ಮಾ ಹುಬ್ಬಳ್ಳಿಯಲ್ಲಿ, ಅವಳ ತಾಯಿಗೆ ಹುಷಾರಿಲ್ಲ.
ಮಾತ್ರೆ ನಾನು ಕೊಡಬೇಕು. ಕೊಡ್ತೀನಿ ಅಂದಿದ್ದೆ.
ಕತ್ತಿ ನಿಲ್ಲಲಿಲ್ಲ, ನೋಟು ಎಣಿಸಲಿಲ್ಲ,
ಯಾರೋ ಅಂದರು, ಕಾಲು ಕೆಜಿ ಈಲಿ, ಬೇರೆ ಕಟ್ಟಿ.
ಅಂಗೈಯಲ್ಲಿ ಬಿಸಿ ಆರದ ಕಂದು ತುಂಡು.
ಗೋಡೆ ನೋಡಿದೆ.
ಒಂಬತ್ತೂ ಹತ್ತು.

ಓಡಿದ್ದು ನೆನಪಿಲ್ಲ. ಹೊಸ್ತಿಲು ನೆನಪಿದೆ.
ರಕ್ತದ ಬಟ್ಟೆಯಲ್ಲಿ ಒಳಗೆ ಕಾಲಿಡುವಂತಿಲ್ಲ,
ಆರು ವರ್ಷದ ಕಾನೂನು, ಮಾಡಿದವನು ನಾನೇ.
ಹೊರಗಿನಿಂದಲೇ ಹೆಸರು ಕೂಗಿದೆ, ಎರಡು ಸಲ.
ಕ್ಯಾಲೆಂಡರ್ ಹಿಡಿದು ಬಂದಳು.
ಯುಗಾದಿಯ ಮರುದಿನದ ಚೌಕದಲ್ಲಿ ಸಣ್ಣ ಪೆನ್ಸಿಲ್ ಅಕ್ಷರ:
೮.೧೦.
"ಮುಚ್ಚಳ ಗಟ್ಟಿ ಇತ್ತು, ಅದಕ್ಕೇ ಲೇಟು.
ನಾಯಿ ಬೊಗಳಲಿಲ್ಲ" ಅಂದಳು.
ಗ್ಲಾಸು ಹಿಡಿಯುವಾಗ ಅವಳ ಬೆರಳು ಸ್ವಲ್ಪ ನಡುಗುತ್ತದೆ,
ಅದೂ ಮಾತ್ರೆಯದೇ.
ನನ್ನವು ಆಗ ಅದಕ್ಕಿಂತ ಹೆಚ್ಚು ನಡುಗುತ್ತಿದ್ದವು,
ಹಿಂದೆ ಕಟ್ಟಿಕೊಂಡೆ.
"ಕೈ ತೊಳ್ಕೊ, ಹೋಗು" ಅಂದಳು.

ವಾಪಸು ಬಂದರೆ ಆ ಗಿರಾಕಿ ಇನ್ನೂ ನಿಂತಿದ್ದ, ಸಿಡಿಮಿಡಿ.
ಹಬ್ಬದ ದಿನ ಅಂಗಡಿ ಬಿಟ್ಟು ಎಲ್ಲಿ ಹೋಗಿದ್ರಿ?
ತುಂಡು ತಕ್ಕಡಿಗಿಟ್ಟೆ.
ನಂದೊಂದು ಕಾಲು ಕೆಜಿ ಇದೆ, ಅಂದೆ,
ನೋಡಿ ಬಂದೆ.