ಗಿರಾಕಿ ಹಿಡಿಯುವ ಮುಖ

ಕೂಗುವುದು ನನ್ನ ಕೆಲಸವಾಗಿತ್ತು.
ಹಲ್ ಪಟ್ಟಣದ ಬಂದರಿನ ತಿರುವಿನಲ್ಲಿ
ಸ್ಟಬ್ಸ್ ಸಾಹೇಬರ ಸ್ಟುಡಿಯೋ ಬಾಗಿಲಿಗೆ ಬೆನ್ನು ಕೊಟ್ಟು
ಬೆಳಗಿನಿಂದ ಬೆಳಕು ಸಾಯುವ ತನಕ:
"ಬನ್ನಿ ಬನ್ನಿ, ಆರು ಪೆನ್ನಿಗೊಂದು ಮುಖ!
ಚೌಕಟ್ಟು ಸೇರಿ! ಚಹಾ ಪುಕ್ಕಟೆ!
ಕೋಟಿಲ್ಲವೇ? ಕೋಟು ನಮ್ಮದು,
ಗಡಿಯಾರದ ಸರಪಳಿಯೂ ನಮ್ಮದೇ."
ಸರಪಳಿಯ ತುದಿಗೆ ಗಡಿಯಾರವಿರಲಿಲ್ಲ,
ಜೇಬಿನೊಳಗೆ ಯಾರು ಇಣುಕುತ್ತಾರೆ?
ಪಕ್ಕದ ಓಣಿಯವನು ಐದಕ್ಕೆ ಇಳಿಸಿದ ದಿನ
ನಾವು ಚಹಾದ ಜತೆಗೊಂದು ಬನ್ನು ಇಟ್ಟೆವು.

ಮೂರು ಮಹಡಿ ಹತ್ತಿದರೆ ಗಾಜಿನ ಸೂರು,
ಕುರ್ಚಿಯ ಹಿಂದೆ ಕತ್ತು ಕಚ್ಚುವ ಕಬ್ಬಿಣದ ಇಕ್ಕಳ,
ಅದರ ಹಿಂದೆ ಬಟ್ಟೆಯ ಮೇಲೊಂದು ಸರೋವರ;
ಮಳೆ ಸೋರಿ ಹಂಸದ ಕೊರಳಿಗೆ ಕಂದು ಕಲೆ.
"ಉಸಿರು ಬಿಗಿಹಿಡಿ, ಹನ್ನೆರಡು ಎಣಿಸುತ್ತೇನೆ."
ಬೆಳ್ಳಿಯ ನೀರಿಗೆ ಕಪ್ಪಾದ ಸಾಹೇಬರ ಬೆರಳು
ಎಷ್ಟು ತಿಕ್ಕಿದರೂ ಇದ್ದಲ ಮಾರುವವನದು.

ಆದರೆ ಗಿರಾಕಿ ಹಿಡಿಯುವುದು ಕೂಗಲ್ಲ,
ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆ.
ಕಪ್ಪು ಮಖಮಲ್ಲಿನ ಮೇಲೆ ಸಾಲು ಮುಖ:
ಮೇಯರನಂತೆ ಕಾಣುವ ಕಟುಕ,
ವಿಧವೆಯಂತೆ ಕಾಣುವ ಮದುಮಗಳು,
ನಡುವೆ ಅವನು.

ಎನಕ್ ಗಾರ್ಬಟ್, ತಿಮಿಂಗಿಲದ ಹಡಗಿನ ಈಟಿಗಾರ.
ಗಡ್ಡದ ಒಂದೊಂದು ಕೂದಲೂ ಎದ್ದು ಬಂದಿತ್ತು.
ಕಣ್ಣು, ಯಾರೋ ಕರೆದರೆಂದು ಈಗಷ್ಟೇ ತಿರುಗಿದ ಹಾಗೆ.
ಸಾಹೇಬರು ಗಾಜನ್ನು ಕಿಟಕಿಗೆ ಹಿಡಿದು ಸುಮ್ಮನಾದರು.
ಅವನಿಗೋ ಮಧ್ಯಾಹ್ನದ ಉಬ್ಬರಕ್ಕೆ ಹೊರಡುವ ಅವಸರ;
ಕೈಗಿತ್ತದ್ದು ಯಾರೋ ಬಿಟ್ಟುಹೋದ ಇನ್ನೊಂದು ಗಡ್ಡ.
"ಇದು ನಾನೇ?"
"ಒಣಗಿದ ಮೇಲೆ ನೀನಾಗುತ್ತೀ" ಎಂದವನು ನಾನು.
ಅವನು ನಕ್ಕ. ನನ್ನಿಂದಲೇ ಚೀಟಿ ಬರೆಸಿದ:
ಕೆಜಾಯಾ ಗಾರ್ಬಟ್, ವಿಟ್‌ಬಿ.
ಒಣಗಿದ ಮೇಲೆ ನಾನಾಗುತ್ತೇನಂತೆ, ಕಾದು ನೋಡು.

ಎರಡು ವರ್ಷ ದುಡಿಯಿತು ಆ ಮುಖ,
ಸಂಬಳವಿಲ್ಲ, ಊಟವಿಲ್ಲ, ಮಂಜಿಗೂ ರಜೆಯಿಲ್ಲ.
ಕೆಲಸದ ಹುಡುಗಿಯರು ಗಾಜಿಗೆ ಮೂಗು ಒತ್ತಿ
"ನಮಗೂ ಹೀಗೇ ಬರುತ್ತದೆಯೇ?" ಎಂದರೆ
"ಇದಕ್ಕಿಂತ ಚೆನ್ನಾಗಿ" ಎನ್ನುತ್ತಿದ್ದೆ.

ಆ ಮಾರ್ಚ್ ತಿಂಗಳಲ್ಲಿ ಕಪ್ಪು ಶಾಲಿನ ಹೆಂಗಸೊಬ್ಬಳು,
ಹಡಗಿನ ಕಚೇರಿಗೆ ಗಂಡನ ಬಾಕಿ ಸಂಬಳ ಕೇಳಲು ಬಂದವಳು.
ಹಿಮ ಕಚ್ಚಿ ಹಡಗು ಒಡೆದ ಸುದ್ದಿ
ಬಂದರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ?
ಪೆಟ್ಟಿಗೆಯ ಮುಂದೆ ನಿಂತಳು. ಅಳಲಿಲ್ಲ.
ಶಾಲಿನ ತುದಿಯಿಂದ ಗಾಜು ಒರೆಸಿದಳು.
"ಎಷ್ಟು?"
ಮೆಟ್ಟಿಲ ಮೇಲಿಂದ ಸಾಹೇಬರು: "ಅದು ಮಾರಾಟಕ್ಕಲ್ಲ.
ವಾರಕ್ಕೆ ಮೂವತ್ತು ಜನ ತರುವ ಮುಖ."
ಅವಳ ಚೀಲದಲ್ಲಿತ್ತು ಆ ಇನ್ನೊಂದು ಗಡ್ಡ.
ಒಲೆಯ ಮೇಲಿನ ಹಲಗೆಯಲ್ಲಿಟ್ಟು
ಒಣಗಲಿ ಎಂದು ಕಾದಿದ್ದಳಂತೆ.

ಮರುದಿನವೂ ಬಂದು ನಿಂತಳು. ಅದರ ಮರುದಿನವೂ.
ಒಬ್ಬರು ನಿಂತಲ್ಲಿ ಹತ್ತು ಜನ ನಿಲ್ಲುವುದು ಪೇಟೆಯ ಗುಣ.
ಸಾಹೇಬರು ಕಿಟಕಿಯಿಂದ ತಲೆ ಎಣಿಸಿ ಇಳಿದು ಬಂದರು:
"ಹೀಗೇ ನಿಂತಿರು, ವಾರಕ್ಕೊಂದು ಶಿಲ್ಲಿಂಗ್."
ಒಪ್ಪಿಕೊಂಡಳು.
ಒಪ್ಪುತ್ತಾಳೆಂದು ನಾನೆಣಿಸಿರಲಿಲ್ಲ.
ಮೂರು ವಾರ ನನ್ನ ಗಂಟಲಿಗೆ ಬಿಡುವು.

ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು.
ಹೆಚ್ಚು ಹೇಳುವುದಿಲ್ಲ. ಶನಿವಾರ ರಾತ್ರಿ, ತುಂತುರು.
ಬೇಡವೆಂದರೂ ಆರು ಪೆನ್ನಿ ಎಣಿಸಿ ಕೈಗಿಟ್ಟಳು.
"ಆ ಇನ್ನೊಬ್ಬನನ್ನು ಬಿಟ್ಟುಹೋಗು, ಜಾಗ ತುಂಬುತ್ತೇನೆ."
"ಅವನೂ ಇರಲಿ," ಎಂದಳು.
"ಎರಡು ವರ್ಷ ಮಲಗುವ ಮುಂಚೆ
ಮಕ್ಕಳು ಅವನಿಗೆ ಕೈ ಬೀಸಿದ್ದಾರೆ."

ಸೋಮವಾರ ಮಖಮಲ್ಲಿನ ನಡುವೆ
ಬಿಸಿಲು ತಾಗದೆ ಉಳಿದ ಒಂದು ಚೌಕ,
ಸುತ್ತಲಿಗಿಂತ ಕಪ್ಪಗೆ.
ಜನ ನಿಂತರು. "ಇಲ್ಲಿ ಯಾರಿದ್ದರು?" ಎಂದರು.
ಸಾಹೇಬರು ನನ್ನಿಂದ ಬೀಗದ ಕೈ ಕಿತ್ತುಕೊಂಡರು,
ಚೌಕವನ್ನು ಮಾತ್ರ ಹಾಗೇ ಬಿಟ್ಟರು.
ಆ ವಾರ ನಲವತ್ತೊಂದು ಜನವಂತೆ.